ಮನೆಯಂಗಳದಲ್ಲಿ ಇಂಗ್ಲಿಷ್ ತೋಟ: ಬೆಂಗಳೂರಿನಲ್ಲಿ ಮಾಡಿದವರು ಅನುಭವ ತಿಳಿಸಿ

ಹೊಸಅಂಗಳ:
ನಮಸ್ಕಾರ. ಕನಕಪುರ ರಸ್ತೆಯ ಕಡೆ ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿ ಮುಗಿಸಿದ್ದೇವೆ. ಮುಂದೆ ಎಂಟು ಅಡಿ ಅಗಲದ ಜಾಗ ಉಳಿದಿದೆ. ಬೆಳಗಿನ ಬಿಸಿಲು ನಾಲ್ಕು ಗಂಟೆ, ಮಧ್ಯಾಹ್ನದ ಮೇಲೆ ಪೂರ್ತಿ ನೆರಳು. ಇಂಗ್ಲೆಂಡಿನ ಹಳ್ಳಿಮನೆಗಳ ಮುಂದಿರುವಂತಹ ತೋಟ ಮಾಡುವ ಆಸೆ: ಗುಲಾಬಿ ಹಬ್ಬಿದ ಕಮಾನು, ಅಂಚಿಗೆ ಲ್ಯಾವೆಂಡರ್, ಹಿಂದೆ ಎತ್ತರದ ಹೂಗೊನೆ ಬಿಡುವ ಫಾಕ್ಸ್‌ಗ್ಲೋವ್, ಡೆಲ್ಫಿನಿಯಂ, ಇಬ್ಬರು ಕೂರುವಷ್ಟು ಬೆಂಚು. ಒಂದೂವರೆ ಲಕ್ಷದವರೆಗೆ ಖರ್ಚು ಮಾಡಬಲ್ಲೆವು. ಕಂಡ ಗಿಡವನ್ನೆಲ್ಲ ಅಗಿಯುವ ನಾಯಿಮರಿಯೂ ಇದೆ. ಯಾವ ಗಿಡ ಹಾಕಬಹುದು, ಎಲ್ಲಿಂದ ಶುರು ಮಾಡಬೇಕು?

ಹಳೇಗುಲಾಬಿ:
ಕಮಾನು ಎಂದಿರಲ್ಲ, ಅಲ್ಲಿಗೇ ನನ್ನ ಹೊಟ್ಟೆ ಉರಿಯಿತು. ನಮ್ಮ ಮನೆಯವರು ಗೊತ್ತುಮಾಡಿಕೊಂಡು ಬಂದ ತೋಟದ ಗುತ್ತಿಗೆದಾರ ಯಾವುದೋ ವಿದೇಶಿ ಚಿತ್ರ ತೋರಿಸಿ ಮೊದಲು ಮುಂಗಡ ತೆಗೆದುಕೊಂಡಿದ್ದೇ ಕಮಾನಿಗೆ. ಲೆಕ್ಕ ಬರೆದಿಟ್ಟಿದ್ದೇನೆ, ಓದಿಕೊಳ್ಳಿ. ಕಬ್ಬಿಣದ ಕಮಾನು 14,500. ಅದಕ್ಕೆ ಬಿಳಿ ಬಣ್ಣ 2,200. ಟೆಂಪೋ ಬಾಡಿಗೆ 900. ಕಾಲು ಹೂಳಲು ಕಾಂಕ್ರೀಟು 1,800. ಕೆಂಪು ಮಣ್ಣು ಒಂದು ಲೋಡು 4,500, ಅದರಲ್ಲಿ ಕಾಲುಭಾಗ ಒಡೆದ ಇಟ್ಟಿಗೆ, ಟೈಲ್ಸ್ ಚೂರು. ಆರಿಸಿ ತೆಗೆಯಲು ಬಂದ ಆಳಿನ ಕೂಲಿ ಬೇರೆ. ಬಳ್ಳಿ ಗುಲಾಬಿ ಒಂದಕ್ಕೆ 650ರಂತೆ ನಾಲ್ಕು.

ಕಸಿ ಗಂಟಿನ (ಒಳ್ಳೆಯ ಗುಲಾಬಿಯನ್ನು ಕಾಡುಗುಲಾಬಿಯ ಬುಡಕ್ಕೆ ಕೂಡಿಸಿದ ಜಾಗ) ಕೆಳಗಿನಿಂದ ಬರುವ ಚಿಗುರು ಬೇರುಗಿಡದ್ದು, ಕಂಡಲ್ಲೇ ಕಿತ್ತೆಸೆಯಬೇಕು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಗುತ್ತಿಗೆದಾರ ಕಳಿಸುತ್ತಿದ್ದ ಮಾಲಿಗೆ ಗೊತ್ತಿರಲಿಲ್ಲ. ಅವನು ಆ ಕಾಡುಚಿಗುರನ್ನೇ ಅಕ್ಕರೆಯಿಂದ ಕಮಾನಿಗೆ ಕಟ್ಟಿ, ಅಸಲು ಗುಲಾಬಿಯ ಕೊಂಬೆಗಳನ್ನು ಕತ್ತರಿಸಿ ಕಸದ ಗಾಡಿಗೆ ಹಾಕಿದ. ಈಗ ಕಮಾನಿನ ತುಂಬ ಮುಳ್ಳು, ಹೂವಿನ ಸುಳಿವಿಲ್ಲ. ಗ್ಯಾಸ್ ಸಿಲಿಂಡರ್ ತರುವ ಹುಡುಗ ಅಂಗಿ ಹರಿಯುತ್ತದೆಂದು ಗೇಟಿನ ಹೊರಗೇ ನಿಂತು ಕೂಗುತ್ತಾನೆ.

ಬಳ್ಳಿ ಗುಲಾಬಿಯ ಕೊಂಬೆಯನ್ನು ನೆಟ್ಟಗೆ ಮೇಲಕ್ಕೆ ಬಿಟ್ಟರೆ ತುದಿಯಲ್ಲಷ್ಟೇ ಮೊಗ್ಗು. ಅಡ್ಡಡ್ಡ ಬಾಗಿಸಿ ಕಟ್ಟಿದರೆ ಉದ್ದಕ್ಕೂ ಕಣ್ಣೊಡೆಯುತ್ತದೆ. ಪೊದೆ ಗುಲಾಬಿಯಾದರೆ ಮಳೆ ತಗ್ಗಿದ ಮೇಲೆ, ಅಕ್ಟೋಬರ್ ಕೊನೆಗೆ ಕೊಂಬೆ ಸವರಿ, ಆರೇಳು ವಾರಕ್ಕೆ ಹೂ. ಸವರುವುದು ವರ್ಷಕ್ಕೆ ಒಂದೇ ಸಲ. ಎರಡು ಸಲ ಎನ್ನುವವರ ಮಾತು ಕೇಳಬೇಡಿ.

ಕೆಂಪುಮಣ್ಣು:
ಎಲ್ಲರೂ ಹೂವಿನ ಹೆಸರು ಹೇಳುತ್ತೀರಿ, ನೀರಿನ ಲೆಕ್ಕ ಹೇಳುವವರಿಲ್ಲ. ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ನಮ್ಮದು ಅದರ ಒಂದೂವರೆ ಪಾಲು, 970ರ ಆಸುಪಾಸು. ಹಾಗಾದರೆ ನಮ್ಮ ತೋಟ ಅವರದಕ್ಕಿಂತ ಹಸಿರಾಗಿರಬೇಕಲ್ಲವೇ? ಅವರಿಗೆ ಹನ್ನೆರಡು ತಿಂಗಳೂ ಹನಿಹನಿಯಾಗಿ ಬರುತ್ತದೆ. ನಮಗೆ ಸೆಪ್ಟೆಂಬರ್‌ನಲ್ಲಿ ಒಂದು ಸಂಜೆಗೆ ರಸ್ತೆಯೇ ಹೊಳೆಯಾಗುತ್ತದೆ, ಜನವರಿ-ಫೆಬ್ರವರಿಯಲ್ಲಿ ಮೋಡವೂ ಕಾಣುವುದಿಲ್ಲ.

ನಾನು ನಿವೃತ್ತ ಎಂಜಿನಿಯರ್. ಮುಂದೆ ಆರುನೂರು ಚದರ ಅಡಿ ಹುಲ್ಲುಹಾಸು ಹಾಕಿಸಿದ್ದೆ. ಮೆಕ್ಸಿಕನ್ ಹುಲ್ಲು, ಅಡಿಗೆ 38 ರೂಪಾಯಿ, ಹಾಸುವ ಕೂಲಿ ಪ್ರತ್ಯೇಕ. ಮಾರ್ಚ್ ಬಿಸಿಲಿನಲ್ಲಿ ಅದು ದಿನಕ್ಕೆ ಮುನ್ನೂರು ಲೀಟರ್ ಹತ್ತಿರ ಕುಡಿಯುತ್ತದೆ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತಲ್ಲ, ಆಗ ನಾನು ಬಿಡುತ್ತಿದ್ದುದು ನನ್ನದೇ ಸಂಪಿನ ಮಳೆನೀರು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿನಿಂದ ಫೋಟೊ ತೆಗೆದು ಬೀದಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಸಾವಿರ ಚದರ ಅಡಿ ಛಾವಣಿಯ ಮೇಲೆ ವರ್ಷಕ್ಕೆ ಬೀಳುವುದು ಸುಮಾರು 90,000 ಲೀಟರ್. ನನ್ನ ಸಂಪು ಹಿಡಿಯುವುದು 10,000. ಸಂಪು, ಸೋಸು ತೊಟ್ಟಿ, ಕೊಳವೆ ಎಲ್ಲ ಸೇರಿ 1,12,000 ಆಯಿತು. ರಸೀದಿಗಳನ್ನೂ ಅದೇ ಗುಂಪಿಗೆ ಹಾಕಿದೆ. ಒಬ್ಬರೂ ಉತ್ತರಿಸಲಿಲ್ಲ. ಕೊನೆಗೆ ರೇಗಿ ಹುಲ್ಲನ್ನೇ ಕೀಳಿಸಿದೆ.

ಇನ್ನು ಗುಲಾಬಿ ಸವರುವುದು ಜೂನ್‌ನಲ್ಲಿ ಒಮ್ಮೆ, ನವೆಂಬರ್‌ನಲ್ಲಿ ಒಮ್ಮೆ. ಬೆಂಗಳೂರಿನ ಹವೆಗೆ ಎರಡು ಸಲವೇ ಸರಿ.

ಹಳೇಗುಲಾಬಿ:
ಜೂನ್‌ನಲ್ಲಿ ಸವರಿದರೆ ಎಳೆ ಚಿಗುರು ಬರುವ ಹೊತ್ತಿಗೆ ಮಳೆ, ಎಲೆಯ ತುಂಬ ಕಪ್ಪು ಚುಕ್ಕೆ ರೋಗ. ಹುಲ್ಲು ಬೆಳೆಸಿದವರು ಗುಲಾಬಿಗೆ ಬುದ್ಧಿ ಹೇಳುತ್ತಿದ್ದಾರೆ.

ಕೆಂಪುಮಣ್ಣು:
ಕಾಡುಚಿಗುರನ್ನು ಕಮಾನಿಗೆ ಹಬ್ಬಿಸಿದವರು ಇದನ್ನು ಹೇಳಬೇಕೇ?

ಬೀಜದಬುಟ್ಟಿ:
ಜಗಳ ಆಮೇಲೆ ಆಡಿ. ಫಾಕ್ಸ್‌ಗ್ಲೋವ್ ಎಂದಿದ್ದಾರೆ, ಅದನ್ನು ಯಾರೂ ಮುಟ್ಟಲಿಲ್ಲ. ನಾನು ಹೊರದೇಶದ ಬೀಜಕ್ಕೆ ಸುರಿದ ಹಣದಲ್ಲಿ ಒಂದು ಫ್ರಿಜ್ ಬರುತ್ತಿತ್ತು. ಇದ್ದ ಫ್ರಿಜ್ಜಿನಲ್ಲೇ ತರಕಾರಿ ಡಬ್ಬಿಯ ಪಕ್ಕ ಬೀಜಕ್ಕೆ ಚಳಿ ಕೊಟ್ಟೆ. ಸೊಸೆ ಅದನ್ನು ಗಸಗಸೆ ಎಂದು ತಿಳಿದು ಪಾಯಸಕ್ಕೆ ತೆಗೆಯುವುದರಲ್ಲಿದ್ದಳು. ಸಾಮಾನ್ಯ ಫಾಕ್ಸ್‌ಗ್ಲೋವ್ ಮೊದಲ ವರ್ಷ ಎಲೆ ಮಾತ್ರ ಬಿಟ್ಟು, ಒಂದು ಗಟ್ಟಿ ಚಳಿಗಾಲ ಕಂಡ ಮೇಲೆ ಹೂ ಕಟ್ಟುವ ಜಾತಿ. ನಮ್ಮಲ್ಲಿ ಡಿಸೆಂಬರ್ ರಾತ್ರಿಯೂ 15 ಡಿಗ್ರಿಯ ಹತ್ತಿರವೇ ಸುಳಿದಾಡುತ್ತದೆ, ಅದು ಆ ಗಿಡಕ್ಕೆ ಚಳಿಯೇ ಅಲ್ಲ. ಮೊದಲ ವರ್ಷವೇ ಹೂ ಬಿಡುವ ತಳಿಗಳು ಬಂದಿವೆ, ಹಟ ಇದ್ದರೆ ಅವನ್ನು ಹುಡುಕಿ. ಹಗಲಿನ ಮಾತೂ ಇದೆ. ಜೂನ್‌ನಲ್ಲಿ ಲಂಡನ್ನಿನ ಹಗಲು ಹದಿನಾರೂವರೆ ಗಂಟೆ ದಾಟುತ್ತದೆ, ಬೆಂಗಳೂರಿನದು ಹದಿಮೂರನ್ನೂ ಮುಟ್ಟುವುದಿಲ್ಲ. ಉದ್ದ ಹಗಲನ್ನು ನೋಡಿ ಹೂ ಬಿಡುವ ಗಿಡಕ್ಕೆ ನೀವು ಎಷ್ಟು ಗೊಬ್ಬರ ಸುರಿದರೂ ಅದು ಎಲೆಯನ್ನೇ ಕೊಡುತ್ತದೆ.

ಲ್ಯಾವೆಂಡರ್ ಕೂಡ ಹಾಗೆಯೇ. ಇಂಗ್ಲಿಷ್ ಲ್ಯಾವೆಂಡರಿಗೆ ಸುಣ್ಣದ ಅಂಶವಿರುವ, ನೀರು ನಿಲ್ಲದ ನೆಲ ಬೇಕು. ನಮ್ಮ ಕೆಂಪು ಮಣ್ಣು, ಮೇಲೆ ಆಗಸ್ಟ್ ಮಳೆ, ಬೇರು ಕೊಳೆಯಿತೆಂದೇ ಲೆಕ್ಕ. ಕುಂಡಕ್ಕೆ 280 ಕೊಟ್ಟು ತಂದ ಎಂಟು ಗಿಡ ಗಣೇಶನ ಹಬ್ಬಕ್ಕೆ ಮುಂಚೆ ಕಪ್ಪಾದವು. ನರ್ಸರಿಯವನು 'ನೀರು ಜಾಸ್ತಿ ಹಾಕಿದ್ದೀರಿ' ಎಂದ. ಹಾಕಿದ್ದು ಮಳೆರಾಯ! ಅಂಚು ಹಲ್ಲುಹಲ್ಲಾಗಿರುವ ಎಲೆಯ ಡೆಂಟಾಟಾ ಜಾತಿ ಮಾತ್ರ, ಅರ್ಧ ಮರಳು ಬೆರೆಸಿದ ಕುಂಡದಲ್ಲಿ, ಸಜ್ಜಾದ ಕೆಳಗೆ ಇನ್ನೂ ಬದುಕಿದೆ.

ಅವರ ಬೇಸಿಗೆ ನಮ್ಮ ಚಳಿಗಾಲ ಎಂದುಕೊಂಡರೆ ಸರಿಹೋಗುತ್ತದೆ. ಹಾಲಿಹಾಕ್, ಲಾರ್ಕ್‌ಸ್ಪರ್, ಸ್ವೀಟ್ ಪೀ, ಫ್ಲಾಕ್ಸ್, ಇವನ್ನು ದಸರಾ ಹೊತ್ತಿಗೆ ಬಿತ್ತಿ, ಸಂಕ್ರಾಂತಿಗೆ ಕಣ್ತುಂಬ ನೋಡಿ, ಶಿವರಾತ್ರಿಗೆ ಕಿತ್ತುಹಾಕಿ. ಡೆಲ್ಫಿನಿಯಂ ನೆನಪಾದಾಗಲೆಲ್ಲ ಲಾರ್ಕ್‌ಸ್ಪರ್ ನೋಡಿ ಸಮಾಧಾನ ಮಾಡಿಕೊಳ್ಳಿ, ಎರಡೂ ಒಂದೇ ಮನೆತನ.

ಹೊಸಅಂಗಳ:
ತುಂಬ ಉಪಯೋಗವಾಯಿತು, ಧನ್ಯವಾದ. ನನಗೆ ಬಿಸಿಲು ನಾಲ್ಕೇ ಗಂಟೆ. ಹಾಲಿಹಾಕ್‌ಗೆ ಸಾಕಾಗುತ್ತದೆಯೇ? ನಾಯಿಮರಿಯ ವಿಷಯವೂ ಇತ್ತು.

ಬಿಳಿತೋಟ:
ಗಿಡದ ಪಟ್ಟಿ ಹಿಡಿದು ಹೊರಟವರ ತೋಟ ಎಂದೂ ಇಂಗ್ಲಿಷ್ ತೋಟ ಆಗುವುದಿಲ್ಲ. ಮಗಳ ಮನೆಗೆ ಹೋದಾಗ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಸಿಸ್ಸಿಂಗ್‌ಹರ್ಸ್ಟ್ ತೋಟವನ್ನು ಬೆಳಗಿನಿಂದ ಬಾಗಿಲು ಹಾಕುವವರೆಗೆ ನೋಡಿದವಳು ನಾನು. ಲೇಖಕಿ ವೀಟಾ ಸ್ಯಾಕ್‌ವಿಲ್-ವೆಸ್ಟ್ ಮತ್ತು ಅವರ ಗಂಡ 1930ರಲ್ಲಿ ಕೊಂಡ ಪಾಳುಬಿದ್ದ ಜಾಗ ಅದು. ಗಂಡ ಗೆರೆ ಎಳೆದಂತೆ ದಾರಿ, ಬೇಲಿ ಹಾಕಿದರು. ಹೆಂಡತಿ ಅದರೊಳಗೆ ಗಿಡಗಳನ್ನು ತುಳುಕುವಂತೆ ತುಂಬಿದರು. ಗುಟ್ಟು ಅಷ್ಟೇ: ಹೊರಗೆ ಬಿಗಿ, ಒಳಗೆ ಸಡಿಲ. ಅವರಿಗಿಂತ ಮುಂಚಿನ ತೋಟಗಾರ್ತಿ ಗರ್ಟ್ರೂಡ್ ಜೆಕಿಲ್ (1843–1932) ಚಿತ್ರ ಬರೆಯುತ್ತಿದ್ದವರು. ಉದ್ದನೆಯ ಪಾತಿಯ ಎರಡು ತುದಿಗೆ ನೀಲಿ, ಬೂದು; ನಡುವೆ ಹಳದಿ, ಕೇಸರಿ, ಕೆಂಪು. ಒಂದೊಂದು ಗಿಡವಲ್ಲ, ಒಂದೇ ಜಾತಿಯನ್ನು ಗುಂಪುಗುಂಪಾಗಿ, ಓರೆಯಾಗಿ ಹರಿಯಬಿಡುತ್ತಿದ್ದರು. ನಮ್ಮವರು ನರ್ಸರಿಗೆ ಹೋಗಿ ಎಲ್ಲದರಲ್ಲೂ ಒಂದೊಂದು ತರುತ್ತಾರೆ, ಮನೆಮುಂದೆ ಸಂತೆ ನೆರೆಯುತ್ತದೆ.

ಬಸವನಗುಡಿಯ ನಮ್ಮ ಹಳೆ ಮನೆಯ ಮುಂದೆ ಬಿಳಿಯ ತೋಟ ಮಾಡಿದ್ದೇನೆ. ಬೇಲಿಗೆ ಕಾಮಿನಿ, ಮೊಣಕಾಲೆತ್ತರಕ್ಕೆ ಕತ್ತರಿಸಿದ್ದು. ಒಳಗೆ ನಂದಿಬಟ್ಟಲು, ಸುಗಂಧರಾಜ, ಬಿಳಿ ಶಂಖಪುಷ್ಪ, ಬಿಳಿ ಕಾಸ್ಮೋಸ್, ದುಂಡುಮಲ್ಲಿಗೆ. ಬೂದು ಎಲೆಗೆ ಇಂಗ್ಲೆಂಡಿನವರು ಬಳಸುವುದೆಲ್ಲ ನಮ್ಮ ಮಳೆಗೆ ಲೋಳೆಯಾಗುತ್ತದೆ. ನಾನು ಮಾಚಿಪತ್ರೆ ಹಾಕಿದೆ, ಚಳಿಗಾಲಕ್ಕೆ ದವನ. ದಾರಿಗೆ ಕೆಡವಿದ ಮನೆಯೊಂದರ ಕಲ್ಲು ಚಪ್ಪಡಿ, ಚದರ ಅಡಿಗೆ 60 ರೂಪಾಯಿ. ಹೊಸದಕ್ಕೆ ಎರಡರಷ್ಟು ಹೇಳಿದ್ದರು. ಅವರ ವಿಸ್ಟೀರಿಯಾ ಬಳ್ಳಿ ಬೇಕೆನಿಸಿದವರು ಅದರ ಬದಲು ಪೆಟ್ರಿಯಾ ಬಳ್ಳಿ ಹಬ್ಬಿಸಿ. ಫೆಬ್ರವರಿಯಲ್ಲಿ ನೇರಳೆ ಗೊಂಚಲು ಇಳಿಬಿದ್ದಾಗ ಬೀದಿಯಲ್ಲಿ ಹೋಗುವವರು ನಿಂತು ಹೆಸರು ಕೇಳುತ್ತಾರೆ.

ಡೇರೆಹೂ:
ಬಸವನಗುಡಿಯಲ್ಲಿ ಕೂತು ಕೆಂಟ್‌ನ ಜಪ. ಆಳಿ ಹೋದವರ ಅಂಗಳವನ್ನು ನಾವೇಕೆ ನಕಲು ಮಾಡಬೇಕು? ಇದೇ ಬಗೆಯ ಚಂದದ ಹುಚ್ಚಿಗೆ ಲಂಟಾನವನ್ನು ಅಲಂಕಾರದ ಗಿಡವೆಂದು ಹಡಗಿನಲ್ಲಿ ತಂದರು. ಇಂದು ಬಂಡೀಪುರಕ್ಕೆ ಹೋಗಿ ನೋಡಿ, ಜಿಂಕೆಗೆ ಹುಲ್ಲಿಲ್ಲ, ಎಲ್ಲೆಲ್ಲೂ ಲಂಟಾನದ ಪೊದೆ. ನಮ್ಮ ಸಾಗರದ ಮನೆಯಲ್ಲಿ ಅಮ್ಮ ಯಾವ ಇಂಗ್ಲಿಷ್ ಚಿತ್ರವನ್ನೂ ನೋಡದೆ ಅಂಗಳದ ತುಂಬ ಡೇರೆ (ಡೇಲಿಯಾ), ಗೌರಿ ಹೂ, ಕನಕಾಂಬರ ಬೆಳೆಸುತ್ತಿದ್ದರು. ಖರ್ಚು ಸೊನ್ನೆ. ಗಡ್ಡೆ, ಬೀಜ ಎಲ್ಲ ನೆಂಟರ ಮನೆಯಿಂದ ಬರುತ್ತಿತ್ತು. ನಮ್ಮ ನೆಲದ ಹೂ ನಮಗೆ ಸಾಲದೇ?

ಬಿಳಿತೋಟ:
ಡೇರೆ ಮೆಕ್ಸಿಕೋದ್ದು. ನೀವು ಆಯುಧಪೂಜೆಗೆ ಬಾಗಿಲಿಗೆ ಕಟ್ಟುವ ಚೆಂಡುಹೂವೂ ಅಲ್ಲಿಂದಲೇ ಬಂದದ್ದು. ಹೆಸರು ಇಟ್ಟುಕೊಳ್ಳುವ ಮುನ್ನ ವಿಚಾರಿಸಬಹುದಿತ್ತು.

ಡೇರೆಹೂ:
ಅದು ಮಲೆನಾಡಿಗೆ ಬಂದು ಎಷ್ಟು ತಲೆಮಾರಾಯಿತು ಎಂಬುದನ್ನೂ ವಿಚಾರಿಸಿ. ನಮ್ಮ ಅಮ್ಮನ ಅಂಗಳಕ್ಕೆ ಪಾಸ್‌ಪೋರ್ಟ್ ಕೇಳಲು ನೀವು ಯಾರು?

ಕೆಂಪುಮಣ್ಣು:
ಇಬ್ಬರೂ ಒಮ್ಮೆ ಲಾಲ್‌ಬಾಗಿಗೆ ಹೋಗಿ ಬನ್ನಿ. 1760ರಲ್ಲಿ ಹೈದರಾಲಿ ಶುರು ಮಾಡಿದ್ದು, 1889ರ ಗಾಜಿನ ಮನೆ ಇಂಗ್ಲೆಂಡಿನ ಮಾದರಿ, 1908ರಲ್ಲಿ ಬಂದು ಮೇಲ್ವಿಚಾರಣೆ ವಹಿಸಿಕೊಂಡ ಕ್ರುಂಬಿಗಲ್ ಜರ್ಮನಿಯವರು, ಅದಕ್ಕೆ ಮುಂಚೆ ಲಂಡನ್ನಿನ ಕ್ಯೂ ತೋಟದಲ್ಲಿ ದುಡಿದವರು. ವರ್ಷದ ಯಾವ ತಿಂಗಳಲ್ಲೂ ಒಂದಲ್ಲ ಒಂದು ಮರ ಹೂವಾಗಿರಲಿ ಎಂದು ನಗರದ ಸಾಲುಮರಗಳಿಗೆ ಅವರು ಹಾಕಿಕೊಟ್ಟ ದಾರಿಯಲ್ಲೇ ನಾವು ಇಂದಿಗೂ ಓಡಾಡುತ್ತಿದ್ದೇವೆ. ಈ ಊರಿನ ತೋಟದಲ್ಲಿ ಯಾರದು ಯಾವುದು ಎಂದು ಬೇರ್ಪಡಿಸಲು ಹೊರಟರೆ ಸಂಜೆಯಾಗುತ್ತದೆ. ನಾನು ಕೇಳಿದ್ದು ನೀರಿನ ಲೆಕ್ಕ. ಬಿಳಿತೋಟದವರೇ, ನಿಮ್ಮ ಬೇಸಿಗೆಯ ನೀರು ಎಲ್ಲಿಯದು?

ಬಿಳಿತೋಟ:
ಬಾವಿಯದು. ಅಜ್ಜನ ಕಾಲದ ಬಾವಿ, ಹಿತ್ತಲಲ್ಲಿದೆ.

ಕೆಂಪುಮಣ್ಣು:
ನೋಡಿದಿರಾ! ಬಾವಿ ಇಟ್ಟುಕೊಂಡವರು ಚಪ್ಪಡಿಯ ಬೆಲೆ ಹೇಳುತ್ತಾರೆ, ಬಾವಿಯ ಬೆಲೆ ಹೇಳುವುದಿಲ್ಲ.

ರಾತ್ರಿಟಾರ್ಚ್:
ಮಳೆಗಾಲದಲ್ಲಿ ಬಸವನಹುಳು ಬಂದರೆ ನಿಮ್ಮ ಬಿಳಿ, ನೀಲಿ ಎಲ್ಲ ಒಂದೇ. ಆಫ್ರಿಕಾದ ದೊಡ್ಡ ಜಾತಿಯದು, ಅಂಗೈ ಅಗಲ. ಸಸಿ ನೆಟ್ಟ ರಾತ್ರಿಯೇ ಹಾಲಿಹಾಕ್ ಸಾಲು ಬೋಳಾಯಿತು. ಔಷಧಿ ಅಂಗಡಿಯವನು ನೀಲಿ ಗುಳಿಗೆ ಕೊಟ್ಟ, ಪೊಟ್ಟಣಕ್ಕೆ 340. ಆ ಗುಳಿಗೆಯಲ್ಲಿರುವ ಮೆಟಾಲ್ಡಿಹೈಡ್ ನಾಯಿ ತಿಂದರೆ ಜೀವಕ್ಕೇ ಅಪಾಯ ಎಂದು ಅವನು ಹೇಳಲಿಲ್ಲ. ಪುಣ್ಯಕ್ಕೆ ಪೊಟ್ಟಣದ ಹಿಂದೆ ಬರೆದಿದ್ದನ್ನು ಮಗ ಓದಿದ. ಈಗ ಪರಂಗಿ ಎಲೆ, ಎಲೆಕೋಸಿನ ಸಿಪ್ಪೆಯನ್ನು ಒದ್ದೆ ಗೋಣಿಯ ಕೆಳಗಿಟ್ಟು, ರಾತ್ರಿ ಟಾರ್ಚು ಹಿಡಿದು, ಕೈಗವಸು ಹಾಕಿ ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕುತ್ತೇನೆ. ಎದುರುಮನೆಯವರಿಗೆ ನನ್ನ ಮೇಲೆ ಏನೋ ಅನುಮಾನ.

ಫಾಕ್ಸ್‌ಗ್ಲೋವ್ ಕೂಡ ನಾಯಿಗೆ ವಿಷ, ಹೃದಯದ ಮಾತ್ರೆಯ ಸತ್ವ ಬರುವುದು ಆ ಕುಲದ ಗಿಡದಿಂದಲೇ. ಲಾರ್ಕ್‌ಸ್ಪರ್, ಡೆಲ್ಫಿನಿಯಂ ಎರಡೂ ಅಷ್ಟೇ. ಕೇಳಿದ್ದರಲ್ಲ, ಅದಕ್ಕೆ ಹೇಳಿದೆ.

ಬೀಜದಬುಟ್ಟಿ:
ಲಾರ್ಕ್‌ಸ್ಪರ್ ಬಗ್ಗೆ ಹೆದರಿಸಬೇಡಿ. ನಮ್ಮ ಬೀದಿಯಲ್ಲಿ ಹತ್ತು ನಾಯಿಗಳಿವೆ, ಒಂದೂ ಮೂಸಿ ನೋಡಿಲ್ಲ.

ರಾತ್ರಿಟಾರ್ಚ್:
ಬೀದಿನಾಯಿಗೆ ಬುದ್ಧಿ ಇರುತ್ತದೆ ಮೇಡಂ. ಸಾಕಿದ ಮರಿಗೆ ಚಪ್ಪಲಿಯೂ ಆಹಾರ.

ಹೊಸಅಂಗಳ:
ಅಂದರೆ ಫಾಕ್ಸ್‌ಗ್ಲೋವ್, ಡೆಲ್ಫಿನಿಯಂ, ಲಾರ್ಕ್‌ಸ್ಪರ್ ಮೂರೂ ಬೇಡ, ಲ್ಯಾವೆಂಡರ್ ಕುಂಡದಲ್ಲಿ, ಹುಲ್ಲು ಬೇಡ. ಕಾಮಿನಿ ಬೇಲಿ, ಪೆಟ್ರಿಯಾ ಹಾಕಬಹುದು ಎನಿಸುತ್ತಿದೆ. ಕಮಾನು ಮಾತ್ರ ಬಿಡಲು ಮನಸ್ಸಿಲ್ಲ.

ಹಳೇಗುಲಾಬಿ:
ಹಾಗಿದ್ದರೆ ನನ್ನದನ್ನೇ ತೆಗೆದುಕೊಂಡು ಹೋಗಿ. ಏಳು ಅಡಿ ಎತ್ತರ, ನಾಲ್ಕು ಅಡಿ ಅಗಲ, ತುಕ್ಕು ಹಿಡಿದಿಲ್ಲ. 9,000 ಕೊಟ್ಟರೆ ಸಾಕು.

ಡೇರೆಹೂ:
ತೊಂಡೆ ಬಳ್ಳಿ ಹಬ್ಬಿಸಲು ನನಗೂ ಒಂದು ಬೇಕಿತ್ತು. 4,000 ಆದರೆ ಭಾನುವಾರ ಬರುತ್ತೇನೆ.

ಹಳೇಗುಲಾಬಿ:
ಬಣ್ಣಕ್ಕೇ 2,200 ಆಗಿದೆ ಎಂದು ಮೇಲೆ ಬರೆದಿದ್ದೇನೆ, ಓದಿ.

ಕೆಂಪುಮಣ್ಣು:
ಕಾಂಕ್ರೀಟಿನಲ್ಲಿ ಹೂತ ಕಾಲನ್ನು ಅಗೆದು ತೆಗೆಸುವ ಕೂಲಿ ಯಾರದು, ಅದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ.