ಮೂವಿಂಗ್ ಆವರೇಜ್: ‘ಸರಿಯುವ ಸರಾಸರಿ’ ಸರಿಯೇ? ‘ಮಾಸುವ ಸರಾಸರಿ’?

ಎಲ್ಲರಿಗೂ ನಮಸ್ಕಾರ. ಷೇರು ಬೆಲೆಗಳ ಟೆಕ್ನಿಕಲ್ ಅನಾಲಿಸಿಸ್‌ಗೆ, ಅಂದರೆ ಹಿಂದಿನ ಬೆಲೆಗಳನ್ನು ನೋಡಿ ಮುಂದಿನ ದಿಕ್ಕು ಊಹಿಸುವುದಕ್ಕೆ, ಒಂದು ಪುಟ್ಟ ಪೈಥಾನ್ ಲೈಬ್ರರಿ ಬರೆದಿದ್ದೇನೆ. ಏಳೆಂಟು ಫಂಕ್ಷನ್‌ಗಳು, ಅಷ್ಟೆ. ಅವುಗಳ ವಿವರಣೆ ಕನ್ನಡದಲ್ಲೇ ಇರಲಿ ಅಂತ ಕೂತವನು ಮೊದಲ ಫಂಕ್ಷನ್‌ನಲ್ಲೇ ಸಿಕ್ಕಿಕೊಂಡಿದ್ದೇನೆ.

ಮೂವಿಂಗ್ ಆವರೇಜ್‌ಗೆ ‘ಚಲಿಸುವ ಸರಾಸರಿ’ ಅನ್ನುತ್ತಾರೆ. ತಪ್ಪೇನಿಲ್ಲ, ಆದರೆ ಚಲಿಸುವುದು ಯಾವುದು ಅಂತ ಹೊಸಬರಿಗೆ ಗೊತ್ತಾಗುವುದಿಲ್ಲ. ಐದು ದಿನದ ಬೆಲೆ 10, 12, 11, 13, 14 ಅಂತಿಟ್ಟುಕೊಳ್ಳಿ. ಸರಾಸರಿ 12. ಆರನೇ ದಿನ 15 ಬಂತು, ಮೊದಲಿನ 10 ಬಿಟ್ಟುಹೋಯಿತು, ಸರಾಸರಿ 13 ಆಯಿತು. ಐದು ಜನ ಕೂರುವ ಬೆಂಚಿನಲ್ಲಿ ಒಂದು ತುದಿಯವರು ಎದ್ದು, ಉಳಿದವರು ಸರಿದು, ಇನ್ನೊಂದು ತುದಿಗೆ ಹೊಸಬರು ಕೂತ ಹಾಗೆ. ಅದಕ್ಕೇ ನನಗೆ ‘ಸರಿಯುವ ಸರಾಸರಿ’ ಹಿಡಿಸಿತು. ‘ಜಾರುವ’ ಅಂತಲೂ ಯೋಚಿಸಿದ್ದೆ, ಆದರೆ ಬೆಲೆಯ ಮಾತಿನಲ್ಲಿ ಜಾರಿತು ಅಂದರೆ ಇಳಿಯಿತು ಅಂತಲೇ ಅರ್ಥ, ಅಲ್ವಾ?

ತೊಡಕು ಶುರುವಾಗುವುದು ಇಎಂಎ (ಎಕ್ಸ್‌ಪೊನೆನ್ಷಿಯಲ್ ಮೂವಿಂಗ್ ಆವರೇಜ್) ಹತ್ತಿರ. ಪಾಠಗಳಲ್ಲಿ ‘ಘಾತೀಯ ಚಲಿಸುವ ಸರಾಸರಿ’ ಅಂತ ಬರೆಯುತ್ತಾರೆ, ಆ ‘ಘಾತೀಯ’ ಕೇಳಿ ಯಾರಿಗೂ ಏನೂ ಹೊಳೆಯುವುದಿಲ್ಲ. ಇದರಲ್ಲಿ ಬೆಂಚೇ ಇಲ್ಲ. ನಿನ್ನೆಯ ಸರಾಸರಿಗೂ ಇವತ್ತಿನ ಬೆಲೆಗೂ ಇರುವ ವ್ಯತ್ಯಾಸದಲ್ಲಿ ಒಂದು ಪಾಲನ್ನು ನಿನ್ನೆಯ ಸರಾಸರಿಗೆ ಸೇರಿಸುತ್ತೇವೆ. 9 ದಿನ ಅಂದರೆ ಆ ಪಾಲು 2ನ್ನು 10ರಿಂದ (ದಿನಗಳಿಗಿಂತ ಒಂದು ಹೆಚ್ಚು) ಭಾಗಿಸಿದ್ದು, ಅಂದರೆ 0.2. ಇವತ್ತಿನ ಬೆಲೆಗೆ 0.2 ತೂಕ, ನಿನ್ನೆಯದಕ್ಕೆ 0.16, ಮೊನ್ನೆಯದಕ್ಕೆ 0.128, ಹೀಗೆ ಇಳಿಯುತ್ತಾ ಹೋಗುತ್ತದೆ, ಆದರೆ ಯಾವ ಬೆಲೆಯೂ ಪೂರ್ತಿ ಬಿಟ್ಟುಹೋಗುವುದಿಲ್ಲ. ಇಲ್ಲಿ ‘ಸರಿಯುವ’ ಅಂದರೆ ಸುಳ್ಳು ಹೇಳಿದಂತೆ. ಹಳೆಯದು ಮಾಸುತ್ತಿದೆ, ಅಷ್ಟೆ. ಹಾಗಾಗಿ ‘ಮಾಸುವ ಸರಾಸರಿ’.

ಇದು ಸುಮ್ನೆ ಹೆಸರಿನ ಹಟ ಅಲ್ಲ. ಆರ್‌ಎಸ್‌ಐ (ರಿಲೇಟಿವ್ ಸ್ಟ್ರೆಂತ್ ಇಂಡೆಕ್ಸ್) ಅಂದರೆ ಷೇರಿನ ಏರಿಕೆಗಳ ಸರಾಸರಿಯನ್ನು ಇಳಿಕೆಗಳ ಸರಾಸರಿಯ ಜೊತೆ ಹೋಲಿಸುವ ಅಳತೆ. ಅದನ್ನು ರೂಪಿಸಿದ ವೆಲ್ಸ್ ವೈಲ್ಡರ್ 1978ರಲ್ಲಿ ಲೆಕ್ಕ ಪ್ರಕಟಿಸಿದಾಗ ಆ ಸರಾಸರಿಗಳಿಗೆ 14 ದಿನಕ್ಕೆ ತೆಗೆದುಕೊಂಡ ಪಾಲು 14ರಲ್ಲಿ ಒಂದು. ಮಾಮೂಲಿ ಇಎಂಎಯಲ್ಲಿ 14 ದಿನಕ್ಕೆ 15ರಲ್ಲಿ ಎರಡು, ಹೆಚ್ಚುಕಡಿಮೆ ಅದರ ಎರಡರಷ್ಟು. ವೈಲ್ಡರ್ ಅವರ 14 ಅಂದರೆ ಇಎಂಎ ಲೆಕ್ಕದಲ್ಲಿ 27. ಎರಡನ್ನೂ ಒಂದೇ ಹೆಸರಿನಲ್ಲಿ ಕರೆದರೆ ಅದೇ ಬೆಲೆಗಳಿಗೆ ಎರಡು ಬೇರೆ ಆರ್‌ಎಸ್‌ಐ ಬಂದಾಗ ಓದುಗರು ಕೋಡಿನಲ್ಲಿ ತಪ್ಪು ಹುಡುಕುತ್ತಾರೆ. ‘ಮಾಸುವ ಸರಾಸರಿ, ಪಾಲು 1/14’ ಅಂತ ಬರೆದರೆ ಗೊಂದಲವೇ ಇಲ್ಲ.

ಆರ್‌ಎಸ್‌ಐಯನ್ನು ‘ಸಾಪೇಕ್ಷ ಬಲ ಸೂಚ್ಯಂಕ’ ಅನ್ನುವುದೂ ನನಗೆ ಕಿರಿಕಿರಿ. ಇನ್ನೊಂದು ಷೇರಿನ ಜೊತೆ ಹೋಲಿಸಿದ ಹಾಗೆ ಕೇಳುತ್ತದೆ, ಅದು ಹೋಲಿಸುವುದು ಅದೇ ಷೇರಿನ ಏರಿಕೆಯನ್ನು ಅದರ ಇಳಿಕೆಯ ಜೊತೆ. ‘ಏರಿಳಿತದ ಅಳತೆ’ ಅಂದರೆ ತುಂಬಾ ಸಡಿಲವಾಗುತ್ತದೆ. ಸದ್ಯಕ್ಕೆ ಆರ್‌ಎಸ್‌ಐ ಅಂತಲೇ ಬಿಟ್ಟಿದ್ದೇನೆ.

ನನಗೆ ಜಾಸ್ತಿ ಅನುಮಾನ ಇರುವುದು ‘ಮಾಸು’ ಮೇಲೆ. ಬಣ್ಣ ಮಾಸಿತು, ನೆನಪು ಮಾಸಿತು ಅನ್ನುವಾಗ ನನಗೆ ಬೇಕಾದ ಅರ್ಥವೇ ಇದೆ. ಆದರೆ ಮಾಸಿದ ಬಟ್ಟೆ ಅಂದರೆ ಕೊಳೆಯಾದದ್ದು. ‘ಮಾಸುವ ಸರಾಸರಿ’ ಅಂತ ಮೊದಲ ಸಲ ಓದಿದಾಗ ನಿಮಗೆ ಯಾವ ಅರ್ಥ ಬಂತು? ಕೊಳೆಯ ಅರ್ಥವೇ ಮೊದಲು ಬಂದಿದ್ದರೆ ದಯವಿಟ್ಟು ಹೇಳಿ, ‘ಮಸುಕಾಗುವ’ ಅಂತ ಬದಲಿಸುತ್ತೇನೆ, ಉದ್ದವಾದರೂ ಪರವಾಗಿಲ್ಲ.