ಕೀಳ್ವೆಣ್ಮಣಿ ವಿಚಾರದಲ್ಲಿ "ಎರಡೂ ಕಡೆ ತಪ್ಪಿತ್ತು" ಅನ್ನಬಹುದಾ?

ಹೊಲಮನೆ:
ಗೆಳೆಯರ ಜೊತೆ 1968ರ ಕೀಳ್ವೆಣ್ಮಣಿ ಮಾತು ಬಂತು. ತಂಜಾವೂರು ಕಡೆ, ಕಾವೇರಿ ಬಯಲಿನ ಊರು. ಕೂಲಿಗೆ ಒಂದಿಷ್ಟು ಭತ್ತ ಜಾಸ್ತಿ ಕೊಡಿ ಅಂತ ಸಂಘ ಕಟ್ಟಿದ್ದ ದಲಿತರ ಕೇರಿಗೆ ಡಿಸೆಂಬರ್ 25ರ ರಾತ್ರಿ ಜಮೀನ್ದಾರರ ಕಡೆಯವರು ನುಗ್ಗಿದರು. ಹೆದರಿ ಗುಡಿಸಲಲ್ಲಿ ಅವಿತಿದ್ದ 44 ಜನರನ್ನು ಸುಟ್ಟರು, ಹೆಚ್ಚಿನವರು ಹೆಂಗಸರು, ಮಕ್ಕಳು. ಒಬ್ಬ ಗೆಳೆಯ, "ಅದೇ ದಿನ ಜಮೀನ್ದಾರರ ಕಡೆಯ ಒಬ್ಬನೂ ಕೊಲೆಯಾಗಿದ್ದನಲ್ಲ, ಎರಡೂ ಕಡೆ ತಪ್ಪಿತ್ತು" ಅಂದುಬಿಟ್ಟ. ಕೊಲೆ ಕೊಲೆಯೇ, ಸರಿ. ಆದರೂ ಆ ಮಾತು ಯಾಕೋ ಹಿಡಿಸಲಿಲ್ಲ. ನೀವೇನಂತೀರಿ?

ಕಣದ ರಾಶಿ:
ಆ ಒಂದು ದಿನ ಮಾತ್ರ ನೋಡಿದರೆ ಎರಡು ಗುಂಪು ಹೊಡೆದಾಡಿದ ಹಾಗೆ ಕಾಣುತ್ತದೆ. ಹಿಂದಿನದನ್ನೂ ನೋಡಿ. ಜಮೀನ್ದಾರರಿಗೆ ಭತ್ತ ಬೆಳೆಗಾರರ ಸಂಘ ಇತ್ತು, ಅದು ತಪ್ಪಲ್ಲ. ಕೂಲಿಯವರು ಮಾತ್ರ ತಮ್ಮ ಸಂಘದ ಕೆಂಪು ಬಾವುಟ ಇಳಿಸಬೇಕು! ಒಪ್ಪದಿದ್ದರೆ ಹೊರಗಿನಿಂದ ಆಳು ತರಿಸಿ ಕೊಯ್ಲು ಮಾಡಿಸುತ್ತಿದ್ದರು. ಸುಗ್ಗಿ ತಡವಾದರೆ ಅವರಿಗೆ ನಷ್ಟ, ಇವರಿಗೆ ಒಲೆಯೇ ಹತ್ತುವುದಿಲ್ಲ.

ಸುಮ್ನೆ ಓದುಗ:
ಅಷ್ಟಕ್ಕೇ, ಬಲ ಇಲ್ಲದವರು ಏನು ಮಾಡಿದರೂ ನಡೆಯುತ್ತದೆ ಅಂತ ಆಗಬಾರದು ಸರ್. ಸತ್ತ ಆ ಒಬ್ಬನಿಗೂ ಮನೆಮಂದಿ ಇದ್ದರು. 1980ರಲ್ಲಿ ಮುಖ್ಯ ಆರೋಪಿ ಜಮೀನ್ದಾರನನ್ನೂ ಕೊಂದರು. ಅದನ್ನು ನ್ಯಾಯ ಅನ್ನುತ್ತೀರಾ?

ನೀಲಿ ಶಾಯಿ:
ನಾನಂತೂ ಅನ್ನಲ್ಲ. ಆದರೆ ಕೋರ್ಟಿನಲ್ಲಿ ಹೊಣೆ ಯಾರ ತಲೆಗೆ ಬಂತು ನೋಡಿ. ಒಬ್ಬನ ಕೊಲೆಗೆ ಕೂಲಿಯವರು ಜೈಲಿಗೆ ಹೋದರು. 44 ಜನರ ಸಾವಿಗೆ ಜಮೀನ್ದಾರರಿಗೆ ಕೆಳಗಿನ ಕೋರ್ಟು 10 ವರ್ಷ ಶಿಕ್ಷೆ ಕೊಟ್ಟರೆ ಮದ್ರಾಸ್ ಹೈಕೋರ್ಟು ಬಿಟ್ಟೇಬಿಟ್ಟಿತು. ಕಾರು ಇಟ್ಟುಕೊಂಡ ಶ್ರೀಮಂತರು ತಾವೇ ನಡೆದು ಬಂದು ಬೆಂಕಿ ಹಚ್ಚಿದರು ಅಂದರೆ ನಂಬುವುದು ಕಷ್ಟ ಅನ್ನುವ ಅರ್ಥದ ಮಾತು ತೀರ್ಪಿನಲ್ಲಿತ್ತು. ಅಂದರೆ ದುಡ್ಡಿರುವುದೇ ಅವರ ಪರ ಸಾಕ್ಷಿ, ಅಲ್ವಾ? ದೂರದ ಮಾತು ಅನ್ನಬೇಡಿ. ನಮ್ಮ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚಿನಲ್ಲಿ ಏಳು ದಲಿತರನ್ನು ಸುಟ್ಟರು. ಅಲ್ಲೂ ಮೊದಲು ಇನ್ನೊಂದು ಕಡೆಯ ಒಬ್ಬನ ಕೊಲೆಯಾಗಿತ್ತು, ಅಲ್ಲೂ ಜನ ಇದೇ ಮಾತಾಡಿದರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. ನಾಳೆಯೂ ಅದೇ ಊರಲ್ಲಿ ಬದುಕಬೇಕಾದವರು ಏನಂತ ಸಾಕ್ಷಿ ಹೇಳುತ್ತಾರೆ?

ಹೊಲಮನೆ:
ಕಾರಿನ ವಿಷಯ ಓದಿ ತಲೆ ಕೆಟ್ಟಿತು. ಆ ಊರಿನವರಿಗೆ ಆಮೇಲೆ ಭೂಮಿ ಏನಾದರೂ ಸಿಕ್ಕಿತಾ?

ಕಣದ ರಾಶಿ:
ಆ ಸೀಮೆಯಲ್ಲಿ ಕೆಲವರಿಗೆ ಸಿಕ್ಕಿತು. ಗಾಂಧಿವಾದಿ ಕೃಷ್ಣಮ್ಮಾಳ್ ಮತ್ತು ಅವರ ಗಂಡ ಜಗನ್ನಾಥನ್ ಈ ಘಟನೆ ಆದ ಮೇಲೆ ಅಲ್ಲಿಗೆ ಹೋಗಿ ಕೆಲಸ ಮಾಡಿದರು, 1981ರಲ್ಲಿ ಲಾಫ್ಟಿ (ಉಳುವವರಿಗೆ ಭೂಮಿ ಕೊಡಿಸುವ ಸಂಸ್ಥೆ) ಕಟ್ಟಿದರು. ಜಮೀನ್ದಾರರ ಜೊತೆ ಮಾತಾಡಿ, ಬ್ಯಾಂಕ್ ಸಾಲ ಎತ್ತಿ ಭೂಮಿ ಕೊಂಡು ಕೂಲಿ ಮಾಡುವ ಮನೆಗಳಿಗೆ ಹಂಚಿದರು. ಪತ್ರ ಮಾಡಿಸಿದ್ದು ಹೆಂಗಸರ ಹೆಸರಿಗೆ.