ಗಡಿ ಬಿಗಿ ಮಾಡಿದರೆ ಲಾಭ ಎಷ್ಟು, ನಷ್ಟ ಯಾರಿಗೆ? ಕಂಡವರು ಹೇಳಿ

ಕೇಳಿದ್ದು (ದಾವಣಗೆರೆ, ಬಿ.ಎ. ವಿದ್ಯಾರ್ಥಿನಿ): ಚರ್ಚಾಸ್ಪರ್ಧೆಗೆ ‘ದೇಶದ ಗಡಿ ಭದ್ರತೆ ಇನ್ನೂ ಬಿಗಿಯಾಗಬೇಕು’ ಅನ್ನೋ ವಿಷಯ ಕೊಟ್ಟಿದ್ದಾರೆ. ಗಡಿ ಹೇಗಿರುತ್ತೆ ಅಂತಲೇ ನನಗೆ ಗೊತ್ತಿಲ್ಲ. ಅಲ್ಲಿ ಇದ್ದು ಬಂದವರು ಹೇಳಿ, ಪರ ನಿಲ್ಲಲೋ ವಿರೋಧ ನಿಲ್ಲಲೋ?

ಗೋಕಾಕ, ನಿವೃತ್ತ ಯೋಧ: ತಂಗಿ, ನಾ ಬಿಎಸ್‌ಎಫ್‌ನ್ಯಾಗ ಬಂಗಾಳದ ಗಡಿ ಕಾಯ್ದವ. ನೀ ಪರ ನಿಲ್ಲು. ಆದ್ರ ಗೇಟಿನ ಸುದ್ದಿ ಹೇಳದ ವೇದಿಕಿ ಇಳೀಬ್ಯಾಡ.

ಬಾಂಗ್ಲಾದೇಶದ ಕೂಡ ನಮ್ಮ ಗಡಿ 4,096 ಕಿ.ಮೀ. ಐತಿ. 3,200 ಕಿ.ಮೀ.ಗಿಂತ ಹೆಚ್ಚು ಬೇಲಿ ಆಗೈತಿ. ಉಳಿದದ್ದು ಹೊಳಿ, ಕೆಸರು, ಜಾಗಾ ಸಿಗದ ಊರು. 1975ರ ಒಪ್ಪಂದದ ಪ್ರಕಾರ ಗಡಿರೇಖೆಯಿಂದ 150 ಗಜದೊಳಗ ಯಾರೂ ರಕ್ಷಣಾ ಕಟ್ಟಡ ಕಟ್ಟಂಗಿಲ್ಲ. ಹಂಗಾಗಿ ತಂತಿ ನಮ್ಮ ನೆಲದಾಗ ಒಳಗ ಬರತೈತಿ, ರೈತನ ಹೊಲ ಆಚೆ ಉಳಿತೈತಿ. ಕೆಲವು ಕಡೆ ಮನಿಗಳೂ ಆಚೇನ ಅದಾವು. ಹೊಲಕ್ಕ ಹೋಗಾಕ ಗುರುತಿನ ಚೀಟಿ ಕೊಟ್ಟು, ರಿಜಿಸ್ಟರಿನ್ಯಾಗ ಹೆಸರು ಬರೆಸಿ ಗೇಟು ದಾಟಬೇಕು, ಮುಚ್ಚೂದರೊಳಗ ತಿರುಗಿ ಬರಬೇಕು. ಸೆಣಬು ಆಳೆತ್ತರ ಬೆಳಿತೈತಿ, ಅದರಾಗ ಕಳ್ಳಸಾಗಣಿ ಮಾಡವ ಕುಂತ್ರ ಕಾಣೂದಿಲ್ಲ. ಅದಕ್ಕ ನಾವು ಬೆಳೀಬ್ಯಾಡ ಅಂತೀವಿ, ಆದ್ರ ಅವರಿಗೆ ಕೈಯಾಗ ರೊಕ್ಕ ಆಡೂದೇ ಆ ಬೆಳಿಯಿಂದ. ಹೆರಿಗಿ ಬ್ಯಾನಿ ಗೇಟಿನ ಟೈಮು ನೋಡಿ ಬರತೈತೇನು?

ಲಾಭ ಇಲ್ಲ ಅಂತ ಮಾತ್ರ ಹೇಳಬ್ಯಾಡ. ಬೇಲಿ, ದೀಪ ಬಂದ ಮ್ಯಾಲ ರಾತ್ರಿ ದನದ ಕಳವು ಕಡಿಮಿ ಆತು ಅಂತ ಆ ಹಳ್ಳಿ ಮಂದೀನ ನಮ್ಮ ಮುಂದ ಹೇಳತಿದ್ರು. ಬೇಲಿ ಹಾಕಾಕ ಆಗದ ಕಡೆ ಬ್ಯಾರೆ ದಾರಿ ಐತಿ: ಅಸ್ಸಾಮಿನ ಧುಬ್ರಿಯೊಳಗ ಬ್ರಹ್ಮಪುತ್ರಾ ಹರಿಯೋ 61 ಕಿ.ಮೀ.ಗೆ 2019ರಾಗ ಸೆನ್ಸರು, ಕ್ಯಾಮೆರಾ ಹಾಕಿದ್ರು.

ಇನ್ನೊಂದು. 2011ರ ಜನವರಿಯಾಗ ಫೆಲಾನಿ ಅನ್ನೋ 15 ವರ್ಷದ ಬಾಂಗ್ಲಾ ಹುಡುಗಿ ಅಪ್ಪನ ಕೂಡ ಬೇಲಿ ದಾಟಿ ತನ್ನೂರಿಗೆ ಹೋಗಾಕಿ ಇದ್ಲು. ನಮ್ಮ ಬಿಎಸ್‌ಎಫ್‌ನವರ ಗುಂಡಿಗೆ ಸತ್ತು ತಾಸುಗಟ್ಟಲೆ ತಂತಿ ಮ್ಯಾಲೇ ಜೋತು ಬಿದ್ದಿದ್ಲು. ಸಮವಸ್ತ್ರ ಹಾಕಿದ ನಾನೇ ಹೇಳತೀನಿ, ಆ ಹುಡುಗಿಯ ಹೆಸರು ನಿನ್ನ ಭಾಷಣದಾಗ ಇರಬೇಕು.

ಮಂಡ್ಯ, ಬೀಜದ ಕಂಪನಿಯಲ್ಲಿ ಕೆಲಸ: ಅಮೃತಸರ, ತರನ್ ತಾರನ್ ಕಡೆ ಓಡಾಡಿದ್ದೇನೆ. ಪಂಜಾಬಿನ ಬೇಲಿ 90ರ ದಶಕದಿಂದಲೂ ಇದೆ. ಈಗ ಹೆರಾಯಿನ್ ಅದರ ಮೇಲೆ ಡ್ರೋನಿನಲ್ಲಿ ಹಾರಿ ಬರುತ್ತೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯಾದಾಗ ಬೇಲಿ ಆಚೆಯ ಗೋಧಿಯನ್ನು ಬೇಗ ಕೊಯ್ದು ಮುಗಿಸಿ ಅಂತ ರೈತರಿಗೆ ಹೇಳಿದರು. ಹಣವನ್ನೆಲ್ಲ ತಂತಿಗೇ ಸುರಿಯೋದು ಸರಿಯಾ ಅಂತ ಕೇಳಿ.

ಶಿರಸಿ, ನಾಗಾಲ್ಯಾಂಡಿನಲ್ಲಿ ಪಾಠ ಮಾಡಿದವಳು: ನಾನಂತೂ ವಿರೋಧ. ಮೋನ್ ಜಿಲ್ಲೆಯ ಲೋಂಗ್ವಾದಲ್ಲಿ ಊರಿನ ಮುಖ್ಯಸ್ಥ ಆಂಗ್ ಅವರ ಮನೆಯ ನಡುವೆಯೇ ಗಡಿ ಹಾಯುತ್ತದೆ, ಅರ್ಧ ಭಾರತ, ಅರ್ಧ ಮ್ಯಾನ್ಮಾರ್. ಎರಡೂ ಕಡೆ ಅದೇ ಕೊನ್ಯಾಕ್ ನಾಗಾ ಬುಡಕಟ್ಟಿನವರು, ಅವೇ ಮದುವೆ ಸಂಬಂಧಗಳು. ವೀಸಾ ಇಲ್ಲದೆ 16 ಕಿ.ಮೀ. ಓಡಾಡುವ ವ್ಯವಸ್ಥೆಯನ್ನು ರದ್ದು ಮಾಡುತ್ತೇವೆಂದು 2024ರ ಫೆಬ್ರವರಿಯಲ್ಲಿ ಕೇಂದ್ರ ಹೇಳಿತು. ಮಿಜೋರಾಂ, ನಾಗಾಲ್ಯಾಂಡ್ ವಿಧಾನಸಭೆಗಳೆರಡೂ ಬೇಡವೆಂದು ನಿರ್ಣಯ ಮಾಡಿದವು. ಮಣಿಪುರದ ಸರ್ಕಾರವೋ ಬೇಲಿ ಬೇಕೇ ಬೇಕು ಅಂದಿತು. ಒಂದೇ ಗಡಿಗೆ ಇಷ್ಟು ಬೇರೆ ಬೇರೆ ಉತ್ತರ ಇರುವಾಗ ‘ದೇಶದ ಗಡಿ’ ಅಂತ ಒಟ್ಟಾಗಿ ಮಾತಾಡಬೇಡಿ ಮಗಾ, ಯಾವ ಗಡಿ ಅಂತ ಮೊದಲು ಹೇಳಿ.

ಗೋಕಾಕ: ಬಾಯಾರು ಹೇಳಿದ್ದು ಖರೇ ಐತಿ. ತಂಗಿ, ಯಾರರ ‘ಹಂಗಾರ ಏನು ಮಾಡಬೇಕು?’ ಅಂತ ಕೇಳಿದ್ರ ಗಡಿ ಸಂತಿ ಹೇಳು. ಮೇಘಾಲಯದ ಕಾಲಾಯ್‌ಚಾರ್‌ನ್ಯಾಗ 2011ರಾಗ ಅಂಥಾ ಸಂತಿ ಶುರು ಆತು, ಎರಡೂ ದೇಶದ ಮಂದಿ ನಮ್ಮವರ ಕಾವಲಿನ್ಯಾಗನ ತರಕಾರಿ, ಬಟ್ಟಿ ಮಾರತಿದ್ರು. ಆಮ್ಯಾಲ ಗೇಟು ತೆರೆಯೋ ತಾಸು ಹೆಚ್ಚು ಮಾಡ್ರಿ, ರಾತ್ರಿ ಬ್ಯಾನಿ ಬಂದವರಿಗೆ ಕೂಡಲೇ ತೆಗೀರಿ ಅಂತ ಕೇಳು. ಅದಕ್ಕ ಹೊಸಾ ತಂತಿ ಬೇಕಿಲ್ಲ, ಇನ್ನಷ್ಟು ಜವಾನರು ಬೇಕು.